ಮೂಲೆ ಕತ್ತರಿಸಿದ ಕಾರ್ಡು

ಪಡಸಾಲೆಯ ಅರ್ಧ ನೆಲ ಸಾರಿಸಿ ಮುಗಿದಿತ್ತು, ಇನ್ನರ್ಧ ಹಾಗೇ ಇತ್ತು. ಹಂಪವ್ವ ಮೊಣಕಾಲೂರಿ, ಮೊಣಕೈವರೆಗೂ ಸೆಗಣಿ ಮಾಡಿಕೊಂಡು, ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಬಾಗಿಲ ಸಮೀಪ ಬಂದಾಗ ಅಂಗಳದಲ್ಲಿ ಸೈಕಲ್ ಗಂಟೆ ಕೇಳಿಸಿತು. ಟಪಾಲಿನ ಶಬ್ಬೀರಸಾಬ ಸೈಕಲ್ಲಿನಿಂದ ಇಳಿಯದೆ, ಒಂದು ಕಾಲು ನೆಲಕ್ಕೂರಿ ನಿಂತು, ಮಾರೆವ್ವ ಎಲ್ಲಿ ಎಂದು ಕೇಳಿದ. ಮಾರೆವ್ವ ಎಂದರೆ ಹಂಪವ್ವನ ಅತ್ತೆ. ಜೋಳ ಬೀಸಿಸಿಕೊಂಡು ಬರಲು ಗಿರಣಿಗೆ ಹೋಗಿದ್ದಾಳೆ ಎಂದಳು ಹಂಪವ್ವ. ಹಾಗಾದರೆ ಸಂಜೆಗೆ ಬರುತ್ತೇನೆ ಅಂತ ಅವನು ಸೈಕಲ್ ತಿರುವತೊಡಗಿದ.

"ಕಾಗದ ಐತೇನು? ಕಟ್ಟಿ ಮ್ಯಾಲ ಇಟ್ಟು ಹೋಗು ಶಬ್ಬೀರಣ್ಣ. ನನ್ನ ಕೈ ಹೆಂಗದಾವ ನೋಡು."

"ಇದನ್ನ ಮುದುಕಿ ಕೈಯಾಗೇ ಕೊಡಬೇಕವ್ವ. ಆಕಿದು ತಾಕೀತು ಐತಿ, ಒಂಬತ್ತು ವರ್ಷದಿಂದ."

ಒಂಬತ್ತು ವರ್ಷ ಎಂದ ಮಾತು ಹಂಪವ್ವನ ಕಿವಿಗೆ ಚುಚ್ಚಿತು. ಒಂಬತ್ತು ವರ್ಷದ ಹಿಂದೆಯೇ ಅವಳ ಬಾಯಿಯ ಆಪರೇಷನ್ ಆಗಿದ್ದು. ಎದ್ದು ನಿಂತಳು. ಯಾರ ಹೆಸರಿಗೆ ಬಂದಿದೆ ಎಂದು ಕೇಳಿದಳು. ಶಬ್ಬೀರಸಾಬನಿಗೆ ಸುಳ್ಳು ಹೇಳಿ ರೂಢಿ ಇಲ್ಲ. ನಿನ್ನ ಹೆಸರಿಗೇ ಅಂದ. ಹೇಳಿದ ಮೇಲೆ ಉಪಾಯವಿಲ್ಲದೆ ಎರಡು ಬೆರಳಿನ ತುದಿಯಲ್ಲಿ ಕಾರ್ಡು ಹಿಡಿದು ಕಟ್ಟೆಯ ಮೇಲಿಟ್ಟ. ಅದರ ಒಂದು ಮೂಲೆ, ಕೆಳಗಿನ ಬಲ ಮೂಲೆ, ಕತ್ತರಿಯಿಂದ ಕತ್ತರಿಸಿದ್ದರು.

ಮೂಲೆ ಹರಿದ ಕಾಗದ ಎಂದರೆ ನಮ್ಮ ಕಡೆ ಸಣ್ಣ ಹುಡುಗರಿಗೂ ಗೊತ್ತು. ಅದು ಸಾವಿನ ಸುದ್ದಿ. ಬರೆದವರು ಮೂಲೆ ಹರಿದು ಕಳಿಸುತ್ತಾರೆ. ಕಾಗದ ಬಂದ ಮನೆಯವರು ಅದನ್ನು ಹೊಸ್ತಿಲು ದಾಟಿಸುವುದಿಲ್ಲ. ಹೊರಗೇ ನಿಂತು ಓದಿಸಿ, ಅಲ್ಲೇ ಹರಿದು ಒಗೆದು, ತಲೆ ಮೇಲೆ ನೀರು ಹಾಕಿಕೊಂಡು ಒಳಗೆ ಬರುತ್ತಾರೆ. ಶಬ್ಬೀರಸಾಬ ಸೈಕಲ್ ತಿರುಗಿಸಿ ಹೊರಟುಹೋದ.

ಹಂಪವ್ವ ಕೈ ತೊಳೆದುಕೊಂಡು ಬಂದು ಕಟ್ಟೆಯ ಮೇಲೆ ಕುಳಿತಳು. ಎರಡು ವರ್ಷದಿಂದ ಅವಳು ಪಾರ್ವತೆಮ್ಮನವರ ರಾತ್ರಿ ಸಾಲಿಗೆ ಓದುಬರಹ ಕಲಿಯಲು ಹೋಗುತ್ತಿದ್ದಳು. ನಲವತ್ತಾರನೇ ವಯಸ್ಸಿನಲ್ಲಿ ಪಾಟಿ ಹಿಡಿದವಳು ಎಂದು ಓಣಿಯವರು ಆಡಿಕೊಂಡದ್ದೂ ಇತ್ತು. ಈಗ ಬೆರಳಿಟ್ಟು ಓದಲು ಬರುತ್ತಿತ್ತು, ಆದರೆ ಎತ್ತಿನ ನಡಿಗೆ. ಕಾರ್ಡು ಜೋಡು ಇತ್ತು. ಒಂದರಲ್ಲಿ ಪ್ರಶ್ನೆ, ಇನ್ನೊಂದು ಉತ್ತರ ಬರೆದು ತಿರುಗಿ ಕಳಿಸಲು. ಜವಾಬಿ ಕಾರ್ಡು ಎನ್ನುತ್ತಾರಲ್ಲ, ಅದು. ಅಚ್ಚಾದ ಕನ್ನಡ ಅಕ್ಷರ. ಹಂಪವ್ವ, ಗಂಡ ಹೇಮಪ್ಪ, ಹುಲಿಹೈದರ. ತನ್ನ ಹೆಸರನ್ನು ಅವಳು ಎರಡು ಸಲ ಓದಿಕೊಂಡಳು. ಅದರ ಕೆಳಗೆ: ರೋಗಿ ಬದುಕಿದ್ದಾರೆಯೇ? ಗಡ್ಡೆ ಮತ್ತೆ ಕಾಣಿಸಿದೆಯೇ? ಹಿಂದಿನ ಎಂಟು ಪತ್ರಗಳಿಗೆ ಉತ್ತರ ಬಂದಿಲ್ಲ. ಈ ತಿಂಗಳ ಕೊನೆಯೊಳಗೆ ಉತ್ತರ ಬಾರದಿದ್ದಲ್ಲಿ ರೋಗಿ ನಿಧನರಾಗಿದ್ದಾರೆಂದು ದಾಖಲಿಸಲಾಗುವುದು.

ಕೊನೆಯ ಸಾಲು ಪೂರ್ತಿ ತಿಳಿಯಲಿಲ್ಲ. ಆದರೆ ಬದುಕಿದ್ದಾರೆಯೇ ಎಂಬುದು ತಿಳಿಯಿತು, ಎಂಟು ಪತ್ರ ಎಂಬುದೂ ತಿಳಿಯಿತು. ಮೇಲೆ ಏನೋ ಅಂಕಿಗಳಿದ್ದವು, ಅವನ್ನು ಆಮೇಲೆ ನೋಡಿದರಾಯಿತೆಂದು ಕಾರ್ಡನ್ನು ಬಾಗಿಲ ಪಕ್ಕದ ಗೂಡಿನಲ್ಲಿಟ್ಟು ಪಾರ್ವತೆಮ್ಮನವರ ಮನೆಗೆ ಓಡಿದಳು, ಪೆನ್ನು ತರಲಿಕ್ಕೆ. ಪಾರ್ವತೆಮ್ಮನವರು ಸಾಲು ಕೇಳಿ, ನಿಧನ ಅಂದರೆ ಸತ್ತುಹೋಗೋದು ಎಂದು ಹೇಳಿ, ಪೆನ್ನು ಕೊಟ್ಟರು. ಇವಳು ತಿರುಗಿ ಬರುವಷ್ಟರಲ್ಲಿ ಗಿರಣಿಯಿಂದ ಮಾರೆವ್ವ ಬಂದಿದ್ದಳು. ಹಿಟ್ಟಿನ ಬುಟ್ಟಿ ಅಂಗಳದಲ್ಲಿತ್ತು. ಮುದುಕಿಯ ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹೊರಗಿನ ನೀರೊಲೆಯಲ್ಲಿ ಕಾರ್ಡಿನ ಕಡೆಯ ಅಂಚು ಸುರುಳಿಯಾಗಿ ಕಪ್ಪಾಗುತ್ತಿತ್ತು.

ಹಂಪವ್ವ ಒಲೆಗೆ ಕೈ ಹಾಕಿದಳು. ಬೂದಿ ಸಿಕ್ಕಿತು, ಬೆರಳು ಸುಟ್ಟವು.

"ಯಾಕ ಸುಟ್ಟಿ ಅತ್ತಿ? ನನ್ನ ಹೆಸರಿನ ಕಾಗದ ಅದು."

"ನಿನ್ನ ಹೆಸರು ಇತ್ತಂತಲೇ ಸುಟ್ಟೆ," ಎಂದಳು ಮಾರೆವ್ವ. ಹಿಟ್ಟಿನ ಬುಟ್ಟಿ ಎತ್ತಿಕೊಂಡು, ಅರ್ಧ ಹಸಿ ಅರ್ಧ ಒಣ ನೆಲದ ಮೇಲೆ ಹೆಜ್ಜೆ ಮೂಡಿಸುತ್ತ ಒಳಗೆ ಹೋದಳು.

ಆ ಕಾರ್ಡು ಯಾಕೆ ಅಷ್ಟು ಬೇಕಾಗಿತ್ತು ಎಂದು ತಿಳಿಯಬೇಕಾದರೆ ಒಂಬತ್ತು ವರ್ಷ ಹಿಂದಕ್ಕೆ ಹೋಗಬೇಕು.

ಎಪ್ಪತ್ತಾರನೇ ಇಸವಿಯಲ್ಲಿ ಹಂಪವ್ವನ ಅಂಗುಳದಲ್ಲಿ, ಬಾಯಿಯ ಮಾಳಿಗೆಯಲ್ಲಿ ಅನ್ನಿ, ಒಂದು ಗಂಟು ಕಾಣಿಸಿತು. ಮೊದಲು ಕಡಲೆಕಾಳಿನಷ್ಟು. ನೋವಿಲ್ಲ, ಕೀವಿಲ್ಲ. ನಾಲಿಗೆ ಹೋಗಿ ಹೋಗಿ ಅದನ್ನೇ ಮುಟ್ಟುತ್ತಿತ್ತು. ಅದು ಗೋಲಿಯಷ್ಟಾದ ಮೇಲೆ ಹೇಮಪ್ಪ ಅವಳನ್ನು ಕೊಪ್ಪಳಕ್ಕೆ ಕರೆದೊಯ್ದು, ಅಲ್ಲಿಂದ ರೈಲು ಹತ್ತಿಸಿ, ದೂರದ ಊರಿನ ದೊಡ್ಡ ಕ್ಯಾನ್ಸರ್ ದವಾಖಾನೆಗೆ ಸೇರಿಸಿದ. ಗಂಟಿನ ಜೊತೆ ಅಂಗುಳದ ಒಂದು ಭಾಗವನ್ನೇ ಕತ್ತರಿಸಿ ತೆಗೆದರು. ಆದ ತೂತಿಗೆ ಒಂದು ಗುಲಾಬಿ ಬಣ್ಣದ ತಟ್ಟೆ ಮಾಡಿ ಕೊಟ್ಟರು. ತಟ್ಟೆ ಹಾಕಿಕೊಂಡರೆ ಮಾತು ಮಾತಿನಂತೆ, ನೀರು ನೀರಿನಂತೆ. ತೆಗೆದರೆ ಕುಡಿದ ನೀರು ಮೂಗಿನಲ್ಲಿ ಬರುತ್ತದೆ, ಆಡಿದ ಮಾತು ಗುಂಯ್ ಅನ್ನುತ್ತದೆ. ಓಣಿಯ ಹೆಂಗಸರು ಮೂಗಿನ ಹಂಪವ್ವ ಎಂದು ಹೆಸರಿಟ್ಟದ್ದು ಆಗಲೇ.

ಬಿಡುಗಡೆಯ ದಿನ ಅಲ್ಲಿಯ ಡಾಕ್ಟರ್ ಹೇಳಿದ್ದರು, ಇಂಥ ಗಂಟಿನಲ್ಲಿ ಹಲವು ಜಾತಿ ಇರುತ್ತವೆ, ನಿನ್ನದು ಯಾವುದೆಂದು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತಾರೆ, ಕಾಗದ ಬರುತ್ತದೆ, ಕಾಗದ ಕಳಿಸಿದಾಗೆಲ್ಲ ಜವಾಬು ಹಾಕು ಎಂದು. ಹಂಪವ್ವ ಕಾಗದದ ದಾರಿ ಕಾದಳು. ಒಂದು ವರ್ಷ ಕಾದಳು, ಎರಡು ವರ್ಷ ಕಾದಳು. ದೊಡ್ಡ ದವಾಖಾನೆಯವರಿಗೆ ಬಡವರ ನೆನಪು ಎಲ್ಲಿರುತ್ತದೆ ಎಂದು ಬೈದುಕೊಂಡಳು. ಒಂಬತ್ತು ವರ್ಷ ಆ ಪಾಪದವರನ್ನು ಬೈದದ್ದೇ ಬೈದದ್ದು, ಅವರು ವರ್ಷಕ್ಕೊಮ್ಮೆ ತಪ್ಪದೆ ಬರೆದಿದ್ದರು.

ಮೊದಲನೇ ಕಾರ್ಡು ಬಂದಾಗ ನಡೆದ ಫಜೀತಿ ಅವಳಿಗೆ ನೆನಪಿತ್ತು, ಆದರೆ ಅದು ತನ್ನ ಕಾರ್ಡೆಂದು ಅವಳಿಗೆ ಗೊತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಅಚ್ಚಾದ, ಮೂಲೆ ಕತ್ತರಿಸಿದ ಕಾರ್ಡು. ಆ ದಿನ ಸಾಲಿಗೆ ರಜೆ, ಓದಿ ಹೇಳಲು ಮಾಸ್ತರರೂ ಊರಲ್ಲಿಲ್ಲ. ಮಾರೆವ್ವನ ಅಣ್ಣ ಮುದಿಯಪ್ಪ ನವಲಿಯಲ್ಲಿ ಎರಡು ತಿಂಗಳಿಂದ ಕೆಮ್ಮಿ ಕೆಮ್ಮಿ ಹಾಸಿಗೆ ಹಿಡಿದಿದ್ದ. ಇನ್ಯಾರು ಸತ್ತಾರು? ಮಾರೆವ್ವ ಅಂಗಳದಲ್ಲೇ ಬಾಯಿ ಬಾಯಿ ಬಡಿದುಕೊಂಡು, ಕಾರ್ಡು ಹರಿದು ಒಗೆದು, ಬಂಡಿ ಹೂಡಿಸಿದಳು. ದಾರಿಯುದ್ದಕ್ಕೂ ಹಾಡಿ ಅತ್ತರು. ನವಲಿಯ ಕಾಲುವೆ ದಾಟಿ ಓಣಿ ಹೊಕ್ಕರೆ, ಮುದಿಯಪ್ಪ ಕಟ್ಟೆಯ ಮೇಲೆ ಕುಳಿತು ಉಳ್ಳಾಗಡ್ಡಿ ಗುದ್ದಿಕೊಂಡು ರೊಟ್ಟಿ ತಿನ್ನುತ್ತಿದ್ದಾನೆ. ಯಾರು ಸತ್ತರು ಎಂದು ಅವನೇ ಗಾಬರಿಯಾಗಿ ಕೇಳಿದ. ನೀನೇ ಎಂದರು. ಈ ರೊಟ್ಟಿ ಮುಗಿಯೋತನಕ ತಡೀರಿ, ಆಮೇಲೆ ಹೊತ್ಕೊಂಡು ಹೋಗ್ರಿ ಅಂದನಂತೆ. ಸತ್ತ ಸುದ್ದಿ ಸುಳ್ಳಾದರೆ ಆಯುಷ್ಯ ಹೆಚ್ಚುತ್ತದೆ ಎನ್ನುವ ಮಾತಿದೆ. ಅವನು ಅದಾದ ಮೇಲೆ ಆರು ವರ್ಷ ಬದುಕಿದ.

ಆ ಮೇಲಿನ ಕಾರ್ಡುಗಳ ಕತೆ ಹಂಪವ್ವನಿಗೆ ಈಗ, ಒಲೆಯ ಮುಂದೆ ಸುಟ್ಟ ಬೆರಳು ಬಾಯಲ್ಲಿಟ್ಟುಕೊಂಡು ಕುಳಿತಾಗ ಹೊಳೆಯಿತು. ಮೊದಲನೆಯದು ಹರಿದು ಹೋಗಿತ್ತು, ಆಮೇಲಿನ ಏಳೂ, ಇವತ್ತಿನದೂ, ಇದೇ ಒಲೆಗೆ ಹೋಗಿವೆ.

ಸಿಟ್ಟು ಮಾಡಿಕೊಂಡು ಸುಮ್ಮನಿರುವ ಕಾಲವೂ ಅದಾಗಿರಲಿಲ್ಲ. ಮೂರು ತಿಂಗಳಿಂದ ಅವಳ ಮೇಲ್ದುಟಿಯ ಎಡಭಾಗದಲ್ಲಿ ಜೋಮು. ಮೊದಲು ಇರುವೆ ಹರಿದಂತಾಗುತ್ತಿತ್ತು. ಈಗ ಚಿವುಟಿದರೂ ಗೊತ್ತಾಗುತ್ತಿರಲಿಲ್ಲ. ಗಂಡನಿಗೆ ಹೇಳಿದರೆ ಅವನು ಬಿಸಿ ಚಹಾ ಕುಡಿದು ಸುಟ್ಟಿರಬೇಕು ಎಂದ. ಹೇಮಪ್ಪ ಕೆಟ್ಟವನಲ್ಲ. ಹೆಂಡತಿಯನ್ನು ಒಮ್ಮೆ ದವಾಖಾನೆಯಿಂದ ಜೀವಂತ ಕರೆತಂದವನಿಗೆ, ಮತ್ತೊಮ್ಮೆ ಆ ದಾರಿ ತುಳಿಯುವ ಧೈರ್ಯವಿರಲಿಲ್ಲ ಅಷ್ಟೆ. ಹುಷಾರಾಗಿದ್ದೀಯಲ್ಲ, ಮಲಗಿದ ನಾಯಿಗೆ ಯಾಕೆ ಕಲ್ಲು ಎಂಬುದು ಅವನ ಮಾತು.

ರಾತ್ರಿ ಸಾಲಿಗೆ ಅವಳು ಸೇರಿದ್ದೇ ಒಂದು ಪತ್ರ ಬರೆಯಲಿಕ್ಕೆ. ಕಾಗುಣಿತ ಮುಗಿದ ಕೂಡಲೇ ಬರೆದೂ ಬರೆದಳು. ದೊಡ್ಡ ಡಾಕ್ಟರ್ ಸಾಹೇಬರಿಗೆ ಹಂಪವ್ವ ಮಾಡುವ ನಮಸ್ಕಾರಗಳು, ನಾನು ಬದುಕಿದ್ದೇನೆ ಎಂದು ಶುರುವಾಗುತ್ತಿತ್ತು. ಪಾರ್ವತೆಮ್ಮನವರು ಓದಿ ನಕ್ಕರು, ಕಾಗದದಾಗ ಮೊದಲು ಕ್ಷೇಮ ಅಂತ ಬರೀತಾರ ಅಂದರು. ಆಮೇಲೆ ನಗು ನಿಲ್ಲಿಸಿ, ನಿನ್ನ ನಂಬರು ಎಷ್ಟು ಎಂದು ಕೇಳಿದರು. ದೊಡ್ಡ ದವಾಖಾನೆಯಲ್ಲಿ ಹಂಪವ್ವ ಎನ್ನುವವರು ಎಷ್ಟು ಮಂದಿಯೋ. ನಂಬರಿಲ್ಲದೆ ಯಾರೂ ಹುಡುಕುವುದಿಲ್ಲ. ನಂಬರಿನ ಜಾಗ ಖಾಲಿ ಬಿಟ್ಟ ಆ ಪತ್ರ ಒಂದು ವರ್ಷಕ್ಕೂ ಹೆಚ್ಚು ಅವಳ ಪಾಟಿಚೀಲದಲ್ಲೇ ಉಳಿಯಿತು. ಆ ನಂಬರು ಇಂದು ಮಧ್ಯಾಹ್ನ ಗೂಡಿನಲ್ಲಿ ಒಂದು ತಾಸು ಕೂತು, ಬೂದಿಯಾಗಿ ಹೋಯಿತು.

ಬಿಡುಗಡೆಯ ಚೀಟಿಯಲ್ಲಿ ನಂಬರು ಇರಲೇಬೇಕು. ಆ ಚೀಟಿಯನ್ನು ಹೇಮಪ್ಪ ಆಗಲೇ ಸರ್ಕಾರದ ಸಹಾಯಕ್ಕೆ ಅರ್ಜಿ ಹಾಕುತ್ತೇನೆಂದು ಯಲಬುರ್ಗಿಯ ಈಶಪ್ಪ ಎಂಬ ಅರ್ಜಿ ಬರೆಯುವವನ ಕೈಗೆ ಕೊಟ್ಟಿದ್ದ. ಸಹಾಯ ಬರಲಿಲ್ಲ, ಚೀಟಿಯೂ ಬರಲಿಲ್ಲ. ಮಾರನೇ ದಿನ ಬೆಳಿಗ್ಗೆ ಹಂಪವ್ವ ಗಂಡನನ್ನು ಎಬ್ಬಿಸಿಕೊಂಡು ಹೊರಟಳು. ಕುಷ್ಟಗಿಯಲ್ಲಿ ಬಸ್ಸು ಬದಲಿಸಬೇಕು. ಬದಲಿ ಬಸ್ಸು ಟೈರು ಕೆಟ್ಟು ನಿಂತಿತ್ತು. ಬಿಸಿಲಲ್ಲಿ ಎರಡು ತಾಸು. ಯಲಬುರ್ಗಿ ಮುಟ್ಟಿ, ಕೇಳುತ್ತ ಕೇಳುತ್ತ ಈಶಪ್ಪನ ಮನೆ ಹುಡುಕಿದರೆ, ಅವನು ತೀರಿಕೊಂಡು ಮೂರು ವರ್ಷ. ಅವನ ಹೆಂಡತಿ ಗುರುಲಿಂಗಮ್ಮ ನೀರು ಬೆಲ್ಲ ಕೊಟ್ಟು ಕೂರಿಸಿ, ತಾನಾಗಿಯೇ ಹೇಳಿದಳು:

"ಎರಡು ಟ್ರಂಕು ಕಾಗದ ಇದ್ದುವ್ರಿ. ಒಂದಕ್ಕ ಗೆದ್ದಲ ಹತ್ತಿತ್ತು. ಇನ್ನೊಂದು ಶೇಂಗಾ ಮಾರಾಕಿ ಪೊಟ್ಣ ಕಟ್ಟಾಕ ಒಯ್ದಳು. ನಿಮ್ಮದು ಯಾವುದರಾಗ ಇತ್ತೋ ಏನೋ."

ಗೆದ್ದಲಿಗೆ ಹೋಗಿತ್ತೋ ಶೇಂಗಾಕ್ಕೆ ಹೋಗಿತ್ತೋ, ಎರಡೂ ಒಂದೇ. ತಿರುಗಿ ಬರುವಾಗ ಬಸ್ಸಿನಲ್ಲಿ ಹೇಮಪ್ಪ, ನಾ ಮೊದಲೇ ಹೇಳಿದ್ದೆ ಎಂದ. ಏನು ಮೊದಲೇ ಹೇಳಿದ್ದನೆಂದು ಅವನಿಗೂ ತಿಳಿಯದು. ಹಂಪವ್ವ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ಯಾರ ಮೇಲೆ ಸಿಟ್ಟು ಮಾಡಬೇಕು ಎನ್ನುವುದೇ ಒಂದು ತೊಡಕಾಗಿತ್ತು. ಅತ್ತೆಯ ಮೇಲೆ ಮಾಡಿದರೆ ಅತ್ತೆ ಮಾತಾಡುವುದಿಲ್ಲ. ಸತ್ತ ಈಶಪ್ಪನ ಮೇಲೆ ಮಾಡಲು ಬರುವುದಿಲ್ಲ. ಗೆದ್ದಲಿಗೆ ಏನೆಂದು ಬೈಯುವುದು?

ಕುಷ್ಟಗಿಯಲ್ಲಿ ಇಳಿದಾಗ ಊರ ಬಸ್ಸಿಗೆ ಇನ್ನೂ ಹೊತ್ತಿತ್ತು. ಹಂಪವ್ವ ಗಂಡನನ್ನು ಕೇಳದೆ ಸರ್ಕಾರಿ ದವಾಖಾನೆಯ ಕಡೆ ನಡೆದಳು. ಅವನು ಕೊಡೆ ಹಿಡಿದುಕೊಂಡು ಹಿಂದೆ ಬಂದ. ಅಲ್ಲಿ ಧಾರವಾಡದ ಕಡೆಯಿಂದ ಹೊಸದಾಗಿ ಬಂದಿದ್ದ ಹೆಂಗಸು ಡಾಕ್ಟರ್ ಒಬ್ಬಳಿದ್ದಳು, ಎಲ್ಲರೂ ಡಾಕ್ಟರ್ ಬಾಯಿ ಎನ್ನುತ್ತಿದ್ದರು. ಚಿಕ್ಕ ವಯಸ್ಸು, ಗಡಿಬಿಡಿಯ ಕೈ, ಆದರೆ ಮುಖ ನೋಡಿ ಮಾತಾಡುವವಳು. ತಟ್ಟೆ ತೆಗೆಯಲು ಹೇಳಿ, ಬ್ಯಾಟರಿ ಬಿಟ್ಟು ಬಾಯಿ ನೋಡಿದಳು. ತುಟಿಯ ಮೇಲೆ ಹತ್ತಿಯ ಎಳೆ ಆಡಿಸಿ, ಗೊತ್ತಾಗುತ್ತದೆಯೇ ಎಂದು ಕೇಳಿದಳು. ಬಲಕ್ಕೆ ಗೊತ್ತಾಯಿತು, ಎಡಕ್ಕೆ ಇಲ್ಲ. ಡಾಕ್ಟರ್ ಬಾಯಿ ಹತ್ತಿ ಬದಿಗಿಟ್ಟಳು. ಆಮೇಲೆ ತಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು ತಿಳಿಸಿ ಹೇಳತೊಡಗಿದಳು.

ಉಗುಳು ಊರಿಸುವ ದೊಡ್ಡ ಗ್ರಂಥಿಗಳು ಮೂರೇ ಜೋಡಿ. ಸಾಸಿವೆಯಂಥ ಸಣ್ಣವು ನೂರಾರು, ತುಟಿಯ ಒಳಗೆ, ಗಲ್ಲದಲ್ಲಿ, ಅಂಗುಳದಲ್ಲಿ ಎಲ್ಲಾ ಕಡೆ ಇರುತ್ತವೆ. ನಿಮ್ಮ ಗಂಟು ಅಂಥ ಸಣ್ಣದೊಂದರಲ್ಲಿ ಹುಟ್ಟಿದ್ದು. ಆ ಗಂಟುಗಳಲ್ಲಿ ಹಲವು ಜಾತಿ. ಒಕ್ಕಲುತನದವರು ನೀವು, ಹೊಲದ ಕಸ ಗೊತ್ತಲ್ಲ ಎಂದು ಹೇಳುತ್ತ ಬೆರಳು ಮಡಿಚಿದಳು.

"ಒಂದು ಜಾತಿ ಅಣ್ಣಿಸೊಪ್ಪು ಇದ್ದಂಗ. ಬುಡಸಮೇತ ಕಿತ್ತರ ಹೋತು, ಭಾಳ ಮಂದಿಗೆ ಮತ್ತ ಬರಂಗಿಲ್ಲ. ಇನ್ನೊಂದು ಬೆಂಕಿ ಬಿದ್ದ ಬಣವಿ, ಎರಡು ವರ್ಷ ಸೈತ ಕೊಡಂಗಿಲ್ಲ. ನೀವು ಒಂಬತ್ತು ವರ್ಷ ಕಳದೀರಿ, ಅದಲ್ಲ ಬಿಡ್ರಿ. ಮೂರನೇದು ಕರಿಕಿ ಹುಲ್ಲು. ಮ್ಯಾಲೆ ಸ್ವಚ್ಛ ಕಾಣತೈತಿ. ಒಳಗ ನರ ಹಿಡಕೊಂಡು ಬೇರು ಮೆಲ್ಲಕ ಹರೀತಿರತೈತಿ. ಹತ್ತು ವರ್ಷಕ್ಕ, ಹದಿನೈದು ವರ್ಷಕ್ಕ ಎಲ್ಲೋ ಚಿಗಿತೈತಿ. ಕರಿಕಿ ಜಾತಿಯವರನ್ನ ಐದು ವರ್ಷಕ್ಕ ಎಣಿಸಿದರ ನೂರರಾಗ ಭಾಳ ಮಂದಿ ಇರ್ತಾರ. ಹದಿನೈದಕ್ಕ ಎಣಿಸಿದರ ಅರ್ಧ ಉಳಿದಿದ್ದರ ಪುಣ್ಯ. ಅದಕ್ಕ ಐದು ವರ್ಷ ದಾಟಿದೆ ಅಂತ ಇದರಾಗ ಕಾಯಿ ಒಡಸಬಾರದು."

ನನ್ನದು ಯಾವುದು ಎಂದು ಕೇಳಲು ಹಂಪವ್ವ ಬಾಯಿ ತೆರೆದಳು. ತಟ್ಟೆಯಿಲ್ಲದ ಬಾಯಿಂದ ಗುಂಯ್ ಎಂಬ ಸದ್ದು ಬಂತು. ಡಾಕ್ಟರ್ ಬಾಯಿಗೆ ತಿಳಿಯಲಿಲ್ಲ, ಹೇಮಪ್ಪನ ಕಡೆ ನೋಡಿದಳು. ಹೇಮಪ್ಪ, ನೀರು ಕೇಳ್ತಾಳ್ರಿ ಎಂದ. ಹಂಪವ್ವನಿಗೆ ಅಲ್ಲೇ ಮೇಜು ಗುದ್ದಬೇಕೆನಿಸಿತು. ಒಂಬತ್ತು ವರ್ಷ ನಾಲಿಗೆಯ ತುದಿಯಲ್ಲಿದ್ದ ಒಂದು ಪ್ರಶ್ನೆ, ಅದನ್ನು ಕೇಳುವ ಹೊತ್ತಿಗೆ ಮಾತಿನ ತಟ್ಟೆ ಇನ್ನೊಬ್ಬರ ಕೈಯಲ್ಲಿ. ಕೈ ಚಾಚಿ ತಟ್ಟೆಗಾಗಿ ಸನ್ನೆ ಮಾಡಿದಳು. ಡಾಕ್ಟರ್ ಬಾಯಿ ಕೊಡಲು ಹೋದವಳು ತಡೆದು, ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮೇಜಿನ ಮೇಲಿದ್ದ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒಳಮೈ ಒರೆಸಿದಳು. ಅರಿಸಿಣ ಬಣ್ಣದ ಕೊಳೆ ಬಿಟ್ಟು ಸಣ್ಣ ಗೀರುಗಳು ಕಂಡವು.

"ಇಲ್ಲಿ ಏನೋ ಕೊರದಾರಲ್ರಿ. ನಾಲ್ಕು, ಒಂದು, ಏಳು. ಆಮ್ಯಾಲೆ ಮೂರೋ ಎಂಟೋ. ಗೀಟು, ಎಪ್ಪತ್ತಾರು. ನಿಮ್ಮ ನಂಬರು ಇದು."

ತಟ್ಟೆಗಳು ಒಬ್ಬರದು ಒಬ್ಬರಿಗೆ ಹೋಗಬಾರದೆಂದು ಮಾಡುವವನು ಕೊರೆದಿರುತ್ತಾನಂತೆ. ಹಂಪವ್ವ ದಿನಾ ಬೆಳಿಗ್ಗೆ ಬೂದಿ ಹಚ್ಚಿ ತಿಕ್ಕುತ್ತಿದ್ದಳು. ಅಕ್ಷರ ಬಾರದ ಕಾಲದಲ್ಲಿ ಅವು ಬರೀ ಗೀರು. ಅಕ್ಷರ ಬಂದ ಮೇಲೆ ರೂಢಿಯ ಕೈ, ನೋಡುವ ಕಣ್ಣಿಲ್ಲ. ಒಂಬತ್ತು ವರ್ಷ ನಂಬರನ್ನು ಬಾಯಲ್ಲೇ ಇಟ್ಟುಕೊಂಡು ಊರೆಲ್ಲ ಹುಡುಕಿದ್ದಾಳೆ. ಅಷ್ಟೇ ಅಲ್ಲ, ತಿಕ್ಕಿ ತಿಕ್ಕಿ ಒಂದು ಅಂಕಿಯನ್ನು ಅರ್ಧ ಅಳಿಸಿಯೂ ಬಿಟ್ಟಿದ್ದಾಳೆ. ನಗುವುದೋ ಅಳುವುದೋ ತಿಳಿಯದೆ ತಟ್ಟೆ ಕಿತ್ತುಕೊಂಡು ಬಾಯಿಗೆ ಹಾಕಿಕೊಂಡಳು.

"ನಂದು ಯಾವ ಜಾತಿರಿ?"

"ನೋಡಿ ಹೇಳಾಕ ಬರಂಗಿಲ್ಲ. ಅವರ ಹಂತೇಕ ನಿಮ್ಮ ಗಂಟಿನ ತುಣುಕು ಗಾಜಿನ ಚೂರಿನ ಮ್ಯಾಲ ಇಟ್ಟಿರ್ತಾರ, ಅದಕ್ಕ ಗೊತ್ತು. ತುಟಿ ಜೋಮು ಹಿಡದದ್ದು ನನಗ ಛಲೋ ಅನಸವಲ್ಲದು. ತಡ ಮಾಡಬ್ಯಾಡ್ರಿ."

ಕಾರ್ಡಿನ ಸಂಗತಿ ಹೇಳಿದಾಗ ಡಾಕ್ಟರ್ ಬಾಯಿ ಹಣೆ ಹಣೆ ಚಚ್ಚಿಕೊಂಡಳು. ಅವಳು ಕಲಿಯುವಾಗ ಆ ದವಾಖಾನೆಯಲ್ಲಿ ಆರು ತಿಂಗಳು ಇದ್ದವಳು. ಯಾವ ಜಾತಿಯ ಗಡ್ಡೆಯವರು ಎಷ್ಟು ವರ್ಷ ಬದುಕುತ್ತಾರೆ ಎಂದು ಅಲ್ಲಿ ದಾಖಲೆ ಇಡುತ್ತಾರೆ. ತಿರುಗಿ ಬಂದ ಕಾರ್ಡುಗಳನ್ನು ಬೇಗ ಬೇಗ ವಿಂಗಡಿಸಲು, ಕಳಿಸುವ ಮೊದಲೇ, ಒಂದೊಂದು ಜಾತಿಗೆ ಒಂದೊಂದು ಮೂಲೆ ಕತ್ತರಿಸುತ್ತಾರೆ. ಯಾವ ಮೂಲೆ ಯಾವ ಜಾತಿ ಎಂಬುದು ಅಲ್ಲಿಯ ಗುಮಾಸ್ತರಿಗೆ ಗೊತ್ತು, ತನಗೆ ಗೊತ್ತಿಲ್ಲ ಎಂದಳು. ಉತ್ತರ ಬರದವರನ್ನು ಕೊನೆಗೆ ಸತ್ತವರ ಸಾಲಿಗೆ ಸೇರಿಸುತ್ತಾರೆ. ಮುಂದೆ ಇಂಥದೇ ಗಂಟಿನ ಹೆಂಗಸು ಬಂದಾಗ, ಇಷ್ಟು ಮಂದಿ ಸತ್ತಿದ್ದಾರೆ ಎಂದು ನಿಮ್ಮನ್ನೂ ಕೂಡಿಸಿಯೇ ಹೇಳುತ್ತಾರೆ ಎಂದಳು.

ಇವತ್ತೇ ಪತ್ರ ಹಾಕ್ರಿ, ಗಾಜಿನ ಚೂರು ಹುಡುಕಿ ಇಟ್ಟಿರ್ತಾರ, ಎಂಟು ದಿನ ಬಿಟ್ಟು ನೀವೂ ಹೊರಡ್ರಿ, ಜವಾಬು ಕಾಯುತ್ತ ಕೂಡಬ್ಯಾಡ್ರಿ. ಹೀಗೆಂದು ತಾನೂ ಒಂದು ಚೀಟಿ ಬರೆದು ಕೊಟ್ಟಳು. ಹೇಮಪ್ಪ ಕೊಡೆಯ ಹಿಡಿಕೆ ತಿರುವುತ್ತ ಕೇಳಿಸಿಕೊಂಡ. ಊರಿನ ಬಸ್ಸಿನಲ್ಲಿ ಅವನು ಮೊದಲೇ ಹೇಳಿದ್ದೆ ಎನ್ನಲಿಲ್ಲ. ತಾವರಗೇರಾ ದಾಟಿದ ಮೇಲೆ, ತೊಗರಿ ಕೊಯ್ಲು ಯಂಕೋಬನಿಗೆ ವಹಿಸಿದರಾಯಿತು ಎಂದ. ಯಂಕೋಬ ಅವನ ತಮ್ಮ. ಅಂದರೆ ಬರುತ್ತಾನೆ ಎಂದು ಹಂಪವ್ವ ತಿಳಿದುಕೊಂಡಳು.

ಮನೆಗೆ ಬಂದು ಅವಳು ಲಾಟೀನು ಹಚ್ಚುವ ಮೊದಲೇ, ಹೊರಗಿನ ಬೆಳಕಿನಲ್ಲೇ, ಅಂಚೆಯ ನೀಲಿ ಕಾಗದ ಬಿಡಿಸಿ ಕುಳಿತಳು. ಪಾಟಿಚೀಲದ ಹಳೆಯ ಪತ್ರ ಎದುರಿಗಿಟ್ಟುಕೊಂಡು ಬರೆಯತೊಡಗಿದಳು. ಮಾರೆವ್ವ ಗೋಡೆಗೆ ಒರಗಿ ನೋಡುತ್ತಿದ್ದಳು. ಯಾರಿಗೆ ಎಂದು ಕೇಳಿದಳು. ದವಾಖಾನೆಗೆ ಎಂದಾಗ ಮುದುಕಿ ಎದ್ದು ಬಂದು ಕಾಗದದ ಮೇಲೆ ಕೈ ಇಟ್ಟಳು.

"ಬರೀಬ್ಯಾಡ ಹಂಪಿ. ನಾ ಹೇಳತೀನಿ ಕೇಳು, ಬರೀಬ್ಯಾಡ."

"ಕೈ ತಗಿ ಅತ್ತಿ. ಸುಡೋದು ಸುಟ್ಟೀದಿ. ಇನ್ನ ನನಗ ತಡಿಯಾಕ ಆಗಂಗಿಲ್ಲ."

ಆಗ ಮಾರೆವ್ವ ಇಷ್ಟು ವರ್ಷ ನುಂಗಿಕೊಂಡದ್ದನ್ನು ಹೇಳಿದಳು. ಎರಡನೇ ಕಾರ್ಡು ಬಂದಾಗ ನವಲಿಯ ಫಜೀತಿ ಮತ್ತೆ ಬೇಡವೆಂದು ಅದನ್ನು ಅಂಗಡಿಯ ಕೊಟ್ರಪ್ಪನ ಹತ್ತಿರ ಒಯ್ದಿದ್ದಳು. ಕೊಟ್ರಪ್ಪನಿಗೆ ಇಂಗ್ಲಿಷು ನಾಲ್ಕಾಣೆ ಬರುತ್ತಿತ್ತು. ಅವನು ಕನ್ನಡಕ ಏರಿಸಿ ನೋಡಿ, ಹಂಪವ್ವ ಎಂದು ಬರೆದಿದೆ, ಸತ್ತಾಳ ಎಂದೂ ಬರೆದಿದೆ, ನಡುವೆ ಏನೋ ಇದೆ ತಿಳಿಯಲಿಲ್ಲ ಎಂದ. ಬದುಕಿದ್ದಾಳೋ ಸತ್ತಿದ್ದಾಳೋ ಎಂಬ ಪ್ರಶ್ನೆ ಅವನ ಇಂಗ್ಲಿಷಿಗೆ ನಿಲುಕಲಿಲ್ಲ. ಸೊಸೆ ಅಂಗಳದಲ್ಲಿ ಹಸು ಹಿಂಡುತ್ತಿದ್ದಾಳೆ, ಕಾಗದ ಸತ್ತಳೆನ್ನುತ್ತದೆ. ಮುದುಕಿ ಕೊಟ್ರಪ್ಪನ ಬಾಯಿಗೆ ಆಣೆ ಹಾಕಿ, ಕಾರ್ಡು ತಂದು ಸುಟ್ಟಳು. ಆ ವರ್ಷ ಸೊಸೆಗೆ ಏನೂ ಆಗಲಿಲ್ಲ. ಮತ್ತೆ ಬಂತು, ಮತ್ತೆ ಸುಟ್ಟಳು.

"ಮೊದಲನೇದು ಹರಿದೆ, ಮುದಿಯಪ್ಪಗ ಆರು ವರ್ಷ ಸಿಕ್ಕುವು. ಉಳದದ್ದೆಲ್ಲ ನಿನಗ ಅಂತ ಸುಟ್ಟೀನಿ. ಎಂಟು ಕಾರ್ಡು ಸುಟ್ಟೀನಿ, ಎಂಟು ವರ್ಷ ನನ್ನ ಕಣ್ಣ ಮುಂದ ಅದೀ. ನಿನ್ನ ದವಾಖಾನಿ ಮಂದಿ ಇದಕ್ಕಿಂತ ಹೆಚ್ಚಿಗಿ ಏನು ಮಾಡ್ಯಾರು?"

ಹಂಪವ್ವನ ಕೈಯಲ್ಲಿ ಪೆನ್ನು ನಿಂತಿತು. ಸಿಟ್ಟು ಇಳಿಯಲಿಲ್ಲ. ಇಳಿಯಬೇಕಿತ್ತೇನೋ, ಇಳಿಯಲಿಲ್ಲ. ದವಾಖಾನೆಯವರ ಹಾಗೆ ಈ ಮುದುಕಿಯೂ ವರ್ಷ ಎಣಿಸಿಯೇ ಮಾತಾಡುತ್ತಿದ್ದಾಳೆ. ಗಂಟಿನ ಜಾತಿ, ನರ, ಬೇರು ಎಲ್ಲ ಹೇಳಿದರೂ, ಎಂಟು ಕಾರ್ಡು ಎಂಟು ವರ್ಷ ಎನ್ನುವ ಮಾತು ಅವಳ ಕೈಯಲ್ಲಿ ಗಟ್ಟಿಯಾಗಿ ಉಳಿಯುತ್ತದೆ. ಹಂಪವ್ವ ಪೆನ್ನು ಕೆಳಗಿಟ್ಟು, ಅತ್ತೆಯ ಕೈ ಹಿಡಿದು ತನ್ನ ಮೇಲ್ದುಟಿಗೆ ಒತ್ತಿಸಿಕೊಂಡಳು.

"ಚೂಟು. ಜೋರಾಗಿ ಚೂಟು ಅತ್ತಿ."

ಮಾರೆವ್ವ ಚಿವುಟಿದಳು. ಹಂಪವ್ವ ಕಣ್ಣು ಮಿಟುಕಿಸಲಿಲ್ಲ. ಮುದುಕಿ ಇನ್ನೂ ಜೋರಾಗಿ ಚಿವುಟಿ, ಉಗುರಿನ ಗುರುತು ಮೂಡಿದ್ದು ಕಂಡು, ಕೈ ಹಿಂದಕ್ಕೆಳೆದುಕೊಂಡಳು. ನೋಯಲಿಲ್ಲವೇ ಎಂದಳು. ಇಲ್ಲ ಎಂದಳು ಹಂಪವ್ವ. ಮೂರು ತಿಂಗಳಾಯಿತು, ನಿನ್ನ ಒಲೆ ಇಲ್ಲಿಯತನಕ ನನ್ನನ್ನು ಕಾದಿರಬಹುದು, ಇನ್ನು ಮುಂದೆ ಅದರ ಕೈಯಲ್ಲಿ ಆಗುವುದಿಲ್ಲ ಎಂದಳು. ಮಾರೆವ್ವ ಒಳಗೆ ಹೋದಳು. ಹೊರಗೆ ಬರಲೇ ಇಲ್ಲ.

ಪತ್ರದಲ್ಲಿ ಹಂಪವ್ವ ಹೀಗೆ ಬರೆದಳು:

ದೊಡ್ಡ ಡಾಕ್ಟರ್ ಸಾಹೇಬರಿಗೆ ಹಂಪವ್ವ ಮಾಡುವ ನಮಸ್ಕಾರಗಳು. ನಾನು ಬದುಕಿದ್ದೇನೆ. ನನ್ನ ನಂಬರು 4173/76 ಅಥವಾ 4178/76. ಎರಡೂ ನೋಡಿರಿ. ನನ್ನನ್ನು ಸತ್ತವರಲ್ಲಿ ಬರೆದಿದ್ದರೆ ದಯಮಾಡಿ ಹೊಡೆದುಹಾಕಿರಿ. ನಿಮ್ಮ ಕಾಗದಗಳು ಬಂದವು, ಆದರೆ ಮೂಲೆ ಕತ್ತರಿಸಿದ್ದರಿಂದ ನಮ್ಮ ಮನೆಯಲ್ಲಿ ಇಟ್ಟುಕೊಳ್ಳಲಿಲ್ಲ. ನಮ್ಮ ಕಡೆ ಹಾಗೆ ಕತ್ತರಿಸಿದರೆ ಸಾವು ಎಂದು ಅರ್ಥ. ಬೇರೆಯವರಿಗೆ ಕಳಿಸುವಾಗ ಕತ್ತರಿಸಬೇಡಿರಿ. ನನ್ನದು ಕೆಳಗಿನ ಬಲ ಮೂಲೆ. ಅದು ಯಾವ ಜಾತಿ ಎಂದು ತಿಳಿಸಿರಿ. ಮೂರು ತಿಂಗಳಿಂದ ಎಡ ತುಟಿ ಜೋಮು. ಎಂಟು ದಿನಕ್ಕೆ ನಾನೂ ನನ್ನ ಯಜಮಾನರೂ ಬರುತ್ತೇವೆ. ಗಾಜಿನ ಚೂರು ಹುಡುಕಿ ಇಟ್ಟಿರಿ.

ಇಷ್ಟು ಬರೆಯಲು ಅವಳಿಗೆ ಕತ್ತಲಾಯಿತು. ಡಾಕ್ಟರ್ ಬಾಯಿಯ ಚೀಟಿಯನ್ನು ಪ್ರಯಾಣಕ್ಕೆಂದು ಬೇರೆ ಇಟ್ಟುಕೊಂಡಳು.

ಬೆಳಿಗ್ಗೆ ನೋಡಿದರೆ ಗೂಡಿನಲ್ಲಿಟ್ಟಿದ್ದ ಪತ್ರ ಅಲ್ಲಿರಲಿಲ್ಲ. ಹಂಪವ್ವನಿಗೆ ಒಲೆಯ ನೆನಪಾಯಿತು. ಹೊರಗೆ ಓಡಿದಳು. ನೀರೊಲೆ ತಣ್ಣಗಿತ್ತು. ಕಟ್ಟೆಯ ಮೇಲೆ ಮಾರೆವ್ವ ಅರಿಸಿಣದ ಬಟ್ಟಲು ಮುಂದಿಟ್ಟುಕೊಂಡು ಕುಳಿತಿದ್ದಳು. ಮಡಿಚಿ ಅಂಟಿಸಿದ ಪತ್ರದ ನಾಲ್ಕೂ ಮೂಲೆಗೆ, ಲಗ್ನದ ಕರೆಯೋಲೆಗೆ ಹಚ್ಚುವ ಹಾಗೆ, ಬೆರಳಿನಿಂದ ಅರಿಸಿಣ ಹಚ್ಚುತ್ತಿದ್ದಳು.

"ವಿಳಾಸಕ್ಕ ಹತ್ತೀತು, ಅಳಿಸೀತು ಅತ್ತಿ," ಎಂದು ಹಂಪವ್ವ ಕೂಗಿದಳು.

"ನನಗ ಅಕ್ಷರ ಬರದಿದ್ರೂ ಮೂಲಿ ಯಾವುದಂತ ಗೊತ್ತೈತಿ," ಎಂದಳು ಮಾರೆವ್ವ, ಕೊನೆಯ ಮೂಲೆಗೆ, ಕೆಳಗಿನ ಬಲ ಮೂಲೆಗೆ, ಎರಡು ಸಲ ಹಚ್ಚುತ್ತ.

ಹಂಪವ್ವ ಅದನ್ನು ಕಸಿದುಕೊಂಡು, ಊದಿ ಆರಿಸುತ್ತ, ಅಂಚೆ ಮನೆಗೆ ನಡೆದಳು. ಅಂಚೆ ಮನೆ ಎಂದರೆ ಸಾಲಿಯ ಪಕ್ಕದ ಒಂದು ಕೋಣೆ. ಶಬ್ಬೀರಸಾಬ ಚೀಲ ಕಟ್ಟುತ್ತಿದ್ದ. ಪತ್ರ ತಿರುಗಿಸಿ ನೋಡಿ, ಯಾರ ಲಗ್ನ ಬೇ ಎಂದು ಕೇಳಿದ. ಅವಳು ನಗಲಿಲ್ಲ. ನನ್ನ ಕಣ್ಣ ಮುಂದೆ ಟಪಾಲಿನ ಸಿಕ್ಕೆ ಹೊಡಿ ಎಂದಳು. ಹೊಡೆದ. ಸರಿಯಾಗಿ ಮೂಡಿಲ್ಲ, ಇನ್ನೊಮ್ಮೆ ಹೊಡಿ ಎಂದಳು. ಇನ್ನೊಮ್ಮೆ ಹೊಡೆದ. ಚೀಲದ ಬಾಯಿ ಕಟ್ಟಿ, ಅರಗು ಹಾಕಿ, ಕುಷ್ಟಗಿಯ ಬಸ್ಸು ಬಂದು, ಕಂಡಕ್ಟರ್ ಅದನ್ನು ತನ್ನ ಸೀಟಿನ ಕೆಳಗೆ ದೂಡುವ ತನಕ ಅವಳು ಸಾಲಿಯ ಗೋಡೆಯ ನೆರಳಲ್ಲಿ ನಿಂತೇ ಇದ್ದಳು.